ಹೇಜಲಳ ವ್ಯಾನಿನ ನಂಬರ್ ಪ್ಲೇಟು

ಹೇಜಲ್ ಎಂಟ್ವಿಸಲ್ ಹಂದಿಯ ತೊಡೆಯನ್ನು ಕೀಲಿನಿಂದ ಬಿಡಿಸುವಾಗ ಚೂರಿ ಎಲುಬಿಗೆ ತಾಗಿದ ಸದ್ದೇ ಬರುತ್ತಿರಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಮಾರುಕಟ್ಟೆಯಲ್ಲಿ ಅವಳ ಮಾಂಸದಂಗಡಿಗೆ ಎದುರಾಗಿ ನನ್ನ ಪಿಂಗಾಣಿ ಅಂಗಡಿ. ಕಪ್ಪು-ಬಸಿಯ ವ್ಯಾಪಾರ ಮಂದವಾದಾಗ ಅವಳ ಕೈಗಳನ್ನು ನೋಡುತ್ತ ಕೂರುತ್ತಿದ್ದೆ. ಎಡಗೈಯ ಎರಡು ಬೆರಳು ಸೊಟ್ಟ. ಗಿರಾಕಿಗಳು ಕೇಳಿದರೆ "ಹಂದಿ ಕಚ್ತು" ಅನ್ನುತ್ತಿದ್ದಳು. ನಿಜವಾಗಿ ಬಾಗಿಲ ಸಂದಿಗಿಟ್ಟು ಮುರಿದದ್ದು. ಹಂದಿಯ ಹೆಸರು ಡಂಕನ್, ಗ್ರಿಮ್ಸ್‌ಬಿಯಲ್ಲಿದ್ದ ಅವಳ ಗಂಡ.

ಅವನು ಎರಡನೇ ಸಲ ದವಡೆ ಮುರಿದಾಗ ಅವಳು ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರ ನಮ್ಮೂರಿಗೆ ಬಂದಳು. ಅಜ್ಜಿಯ ಮನೆತನದ ಹೆಸರಿಟ್ಟುಕೊಂಡಳು, ಕೂದಲು ಕತ್ತರಿಸಿದಳು, ಫೋನನ್ನು ಕಾಲುವೆಗೆ ಎಸೆದಳು. ತಂಗಿಗೂ ವಿಳಾಸ ಕೊಡಲಿಲ್ಲ. ಸಿಕ್ಕಿದ ದಿನ ಕೊಲ್ಲುತ್ತೇನೆ ಎಂದಿದ್ದ ಡಂಕನ್. ಅವನು ಮಾತಿಗೆ ತಪ್ಪುವವನಲ್ಲ ಎಂಬುದೊಂದೇ ಅವಳು ಅವನ ಬಗ್ಗೆ ಆಡುತ್ತಿದ್ದ ಒಳ್ಳೆಯ ಮಾತು.

ಬಿಡಲಾರದೆ ಉಳಿಸಿಕೊಂಡದ್ದು ವ್ಯಾನಿನ ನಂಬರು. ನಮ್ಮಲ್ಲಿ ಗಾಡಿ ಗುಜರಿಗೆ ಹೋದರೂ ನಂಬರನ್ನು ಮುಂದಿನ ಗಾಡಿಗೆ ಹಾಕಿಸಿಕೊಳ್ಳಬಹುದು. ಕೆಲವು ಮನೆಗಳಲ್ಲಿ ಅದು ಅಪ್ಪನ ಕೈಗಡಿಯಾರದಂತೆ ಮಕ್ಕಳಿಗೆ ಬರುತ್ತದೆ. ಹೇಜಲಳ ಅಪ್ಪನೂ ಕಟುಕ. ತನ್ನ ಹೆಸರಿನ ಮೊದಲಕ್ಷರಗಳಿದ್ದ ನಂಬರನ್ನು ಆಸೆಪಟ್ಟು ಕೊಂಡಿದ್ದ. ಸಾಯುವಾಗ ಮಗಳಿಗೆ ಬಿಟ್ಟುಹೋದದ್ದು ಅಷ್ಟೇ.

"ಡಂಕನ್‌ಗೆ ಅದು ಬಾಯಿಪಾಠ ಅಲ್ವೇನೇ?" ಎಂದಳು ಪಕ್ಕದಲ್ಲಿ ಚೀಸ್ ಮಾರುವ ಮುದುಕಿ ಬೆರಿಲ್.

"ಮದುವೆ ದಿನ ನೆನಪಿರ್ಲಿಲ್ಲ ಆ ಗಂಡಸಿಗೆ. ನಂಬರ್ ನೆನಪಿಟ್ಕೊಳ್ತಾನಾ? ಸುಮ್ನಿರು."

ಒಮ್ಮೆ ಸೂಪರ್‌ಮಾರ್ಕೆಟ್ ಹಿಂದಿನ ಪಾರ್ಕಿಂಗಿನಲ್ಲಿ ಅವಳ ವ್ಯಾನು ಪಂಕ್ಚರಾಗಿ ಹೆಚ್ಚು ಹೊತ್ತು ನಿಂತಿತು. ಆ ಜಾಗ ನೋಡಿಕೊಳ್ಳುವುದು ಖಾಸಗಿ ಕಂಪನಿ. ಕ್ಯಾಮೆರಾ ನಂಬರ್ ಓದಿತು, ಕಂಪನಿ ಸರ್ಕಾರದ ವಾಹನ ಕಚೇರಿಯಿಂದ ಹೆಸರು ವಿಳಾಸ ತರಿಸಿಕೊಂಡಿತು, ದಂಡದ ನೋಟಿಸು ಮನೆ ಬಾಗಿಲಿಗೆ ಬಂತು. ಹೇಜಲ್ ಜಗಳವಾಡಿ ದಂಡ ರದ್ದು ಮಾಡಿಸಿದಳು. ಆಮೇಲೆ ನಮ್ಮೆಲ್ಲರ ಎದುರಿಗೇ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿದಳು.

"ಎಲ್ಲಾ ಮುಗೀತಲ್ಲ ಸಾರ್, ಈಗ ನನ್ನ ವಿಳಾಸ ಅಳಿಸಿಬಿಡಿ."

"ಆರು ವರ್ಷ ಇಟ್ಕೊಳ್ಳೋದು ನಮ್ಮ ಪದ್ಧತಿ ಮೇಡಂ. ನಾಳೆ ನೀವು ಕೋರ್ಟಿಗೆ ಹೋದ್ರೆ?"

"ಗೆದ್ದೋಳು ನಾನು, ನಾನ್ಯಾಕಪ್ಪಾ ಕೋರ್ಟಿಗೆ ಹೋಗ್ಲಿ?"

"ಗೆದ್ರಿ ಅನ್ನೋದಕ್ಕೂ ಪುರಾವೆ ಬೇಕಲ್ಲ ಮೇಡಂ."

"ಆ ವಿಳಾಸ ನನ್ನ ಗಂಡನ ಕೈಗೆ ಸಿಕ್ರೆ ಹೆಣ ಬೀಳುತ್ತೆ, ನಂದು!"

"ನಮ್ಮಲ್ಲಿ ಎಲ್ಲಾ ಭದ್ರವಾಗಿರುತ್ತೆ. ಬೇರೇನಾದ್ರೂ ಸಹಾಯ ಬೇಕಿತ್ತಾ ಮೇಡಂ?"

ಹೇಜಲ್ ಹಳಸಿದ ಮಾಂಸವನ್ನು ಸಂಜೆಗೇ ಎಸೆಯುವವಳು. ವಿಳಾಸ ನಾರುವುದಿಲ್ಲ, ಅದಕ್ಕೇ ಕಂಪನಿಯವರು ಇಟ್ಟುಕೊಳ್ಳುತ್ತಾರೆ.

ಮೂರು ವರ್ಷ ಏನೂ ಆಗಲಿಲ್ಲ. ನಾನು ಅವಳ ಬೀದಿಯವನೇ. ದಿನಾ ಬೆಳಗ್ಗೆ ಅವಳ ವ್ಯಾನಿನಲ್ಲೇ ಮಾರುಕಟ್ಟೆಗೆ ಹೋಗುತ್ತಿದ್ದೆ. ನವೆಂಬರಿನ ಒಂದು ಬೆಳಗ್ಗೆ ಟೀಪಾಟುಗಳ ಪೆಟ್ಟಿಗೆ ಹೊತ್ತು ಹೊರಗೆ ಬಂದರೆ, ಹೇಜಲ್ ವ್ಯಾನಿನ ಬಾಗಿಲು ತೆರೆಯುತ್ತಿದ್ದಳು. ಹಿಂದಿನಿಂದ ದಪ್ಪನೆಯ ಗಂಡಸೊಬ್ಬ ಸುತ್ತಿಗೆ ಎತ್ತಿಕೊಂಡು ಬಂದ.

ಮೊದಲ ಏಟು ಹೇಜಲಳ ಬಲಭುಜಕ್ಕೆ ಬಿತ್ತು. ಒಣ ಸೌದೆ ಮುರಿದ ಸದ್ದು ಬೀದಿಯ ಈ ತುದಿಗೂ ಕೇಳಿತು. ಎರಡನೇ ಏಟು ತಪ್ಪಿ ವ್ಯಾನಿನ ತಗಡು ಹರಿಯಿತು.

"ಅಪ್ಪನ ನಂಬರ್ ಹಾಕ್ಕೊಂಡು ಅಡಗ್ತೀಯೇನೇ? ಅಡಗು, ನೋಡ್ತೀನಿ!"

ನಾನು ಹತ್ತಿರಕ್ಕೆ ಓಡಿ ಒಂದು ಟೀಪಾಟು ಎಸೆದೆ. ಅದು ಗೋಡೆಗೆ ಬಡಿದು ಪುಡಿಯಾಯಿತು. ಇನ್ನೊಂದು ಎಸೆದೆ. ಅದು ಅವನ ಕಿವಿ ಸೀಳಿತು. ಅವನು ತಿರುಗಿ ನನ್ನ ಪಕ್ಕೆಗೆ ಬೀಸಿದ. ಉಸಿರು ನಿಂತು ಕುಸಿದೆ. ಅಷ್ಟರಲ್ಲಿ ಹೇಜಲ್ ತೆವಳಿಕೊಂಡು ವ್ಯಾನಿನೊಳಗೆ ಹೋಗಿದ್ದಳು. ಅವನು ಕೈ ಒಳಗೆ ಹಾಕಿ ಅವಳ ಕೂದಲು ಹಿಡಿದೆಳೆದ. ಅವಳು ಬೆನ್ನು ಸೀಟಿಗೆ ಕೊಟ್ಟು, ತೆರೆದ ಬಾಗಿಲಿನ ಹಿಡಿಯನ್ನು ಎಡಗೈಯಿಂದ ಹಿಡಿದು, ಮೈಭಾರವೆಲ್ಲ ಹಾಕಿ ಎಳೆದಳು. ಬಾಗಿಲು ಅವನ ಮೊಣಕೈಗೆ ಬಡಿಯಿತು. ಮತ್ತೆ ಎಳೆದಳು, ಮತ್ತೆ. ಕೀಲು ಎಲ್ಲಿ ಬಿಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನು ನೆಲದ ಮೇಲೆ ಹೊರಳುತ್ತಿದ್ದ. ಅವಳು ಇಳಿದು ಬಂದು ಸುತ್ತಿಗೆ ತೆಗೆದುಕೊಂಡು ಅವನ ತಲೆಯ ನೇರಕ್ಕೆ ಎತ್ತಿದಳು.

"ಹೇಜಲ್, ಬೇಡ ಕಣೇ!"

ನನ್ನತ್ತ ಒಮ್ಮೆ ನೋಡಿ, ಸುತ್ತಿಗೆಯನ್ನು ಅವನ ಮೊಣಕಾಲಿಗೆ ಇಳಿಸಿದಳು. ಆ ಮೊಣಕಾಲಿನ ಬಗ್ಗೆ ಪೊಲೀಸರು ಕೇಳಿದಾಗ ನಾನು, ಮಂಜಿತ್ತು, ಏನೂ ಕಾಣಲಿಲ್ಲ ಎಂದೆ. ನವೆಂಬರಿನಲ್ಲಿ ಮಂಜು ಇದ್ದೇ ಇರುತ್ತದೆ.

ವಿಳಾಸ ಸಿಕ್ಕಿದ್ದು ಹೇಗೆಂದು ಕೋರ್ಟಿನಲ್ಲಿ ತಿಳಿಯಿತು. ಡಂಕನ್ ಪಾರ್ಕಿಂಗ್ ಕಂಪನಿಗಳಿಗೆ ಒಂದೊಂದಾಗಿ ಫೋನ್ ಮಾಡಿ ಆ ನಂಬರು ಹೇಳಿದ್ದ. ಮಾತುಕತೆಯ ಧ್ವನಿಮುದ್ರಣವನ್ನೂ ಕಂಪನಿ ಜೋಪಾನವಾಗಿ ಇಟ್ಟಿತ್ತು.

"ಹೆಂಡ್ತಿ ಮರೆಗುಳಿ ಕಣಮ್ಮ. ದಂಡ ಏನಾದ್ರೂ ಬಾಕಿ ಇದ್ರೆ ನಾನೇ ಕಟ್ಬಿಡ್ತೀನಿ."

"ಅಯ್ಯೋ, ಎಷ್ಟು ಒಳ್ಳೆಯವ್ರು ಸಾರ್! ಬಾಕಿ ಏನಿಲ್ಲ. ವಿಳಾಸ ಮಾತ್ರ ಸರಿಯಾಗಿದ್ಯಾ ನೋಡ್ಕೊಳ್ಳಿ..." ಎಂದು ಹುಡುಗಿ ಮನೆಯ ನಂಬರಿನಿಂದ ಹಿಡಿದು ಎಲ್ಲವನ್ನೂ ಓದಿ ಹೇಳಿದ್ದಳು.

ನ್ಯಾಯಾಧೀಶರು ಡಂಕನ್‌ಗೆ ಐದು ವರ್ಷ ಕೊಟ್ಟರು. ಹೇಜಲ್ ಕಂಪನಿಯ ಮೇಲೆ ದೂರು ಕೊಟ್ಟಳು. ಅವರ ಉತ್ತರವನ್ನು ಬೆರಿಲ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: ಆದದ್ದಕ್ಕೆ ವಿಷಾದವಿದೆ, ದೂರಿನ ವಿಚಾರಣೆಗಾಗಿ ತಮ್ಮ ವಿವರಗಳನ್ನು ಇಂದಿನಿಂದ ಆರು ವರ್ಷ ಇಟ್ಟುಕೊಳ್ಳುತ್ತೇವೆ.

"ಅವ್ನಿಗೆ ಐದು, ನಂಗೆ ಆರು," ಎಂದಳು ಹೇಜಲ್.

ಅವಳ ಬಲಗೈ ಇನ್ನೂ ಮೇಲಕ್ಕೆ ಏಳುತ್ತಿರಲಿಲ್ಲ. ಹೊರಗೆ ಹೋಗಿ ಪ್ಲೇಟು ಬಿಚ್ಚಿ ತಂದು, ಮಾಂಸ ಕೊಚ್ಚುವ ಕೊರಡಿನ ಮೇಲಿಟ್ಟು, ಎಡಗೈಯಿಂದ ಮಚ್ಚು ಎತ್ತಿದಳು.

"ಅಪ್ಪಂದು ಕಣೇ ಅದು!" ಎಂದು ಬೆರಿಲ್ ಕೂಗಿದಳು.

"ಅಪ್ಪ ಇದ್ದಿದ್ರೆ ಯಾವತ್ತೋ ಕೊಚ್ಚಿರೋನು."

ಮೂರು ಏಟಿಗೆ ಚೂರುಚೂರಾಯಿತು. ಚೂರುಗಳನ್ನು ಎಲುಬಿನ ಬುಟ್ಟಿಗೆ ತಳ್ಳಿದಳು. ಆ ವಾರವೇ ವ್ಯಾನು ಮಾರಿದಳು, ಮನೆಯನ್ನೂ ಬದಲಿಸಿದಳು. ಈಗ ಬಸ್ಸಿನಲ್ಲಿ ಬರುತ್ತಾಳೆ.

"ಎಲ್ಲಿ ಮನೆ ಮಾಡ್ದೆ ಹೇಜಲ್?" ಎಂದೆ ಒಂದು ದಿನ.

"ಕಪ್ಪು ಮಾರೋನಿಗ್ಯಾಕೆ ಅದು?" ಎಂದು ಗಿರಾಕಿಯತ್ತ ತಿರುಗಿದಳು.