ಗುರುವಾರವಲ್ಲ, ಸೋಮವಾರ

ಆ ಮಗುವಿನ ಸಾವಿನ ಕುರಿತು ನಾನು ಬರೆದ ಮೊದಲ ವಾಕ್ಯ ಒಂದು ತಿದ್ದುಪಡಿಯಾಗಿತ್ತು.

ಅವು ಕೊರೊನಾದ ಎರಡನೆಯ ಅಲೆಯ ದಿನಗಳು. ಮಣಿಪಾಲದ ಸಂಶೋಧನಾ ವೃತ್ತಿಯಿಂದ ನಿವೃತ್ತನಾಗಿ ನಾನು ಇನ್ನಂಜೆಯಲ್ಲಿ ನೆಲೆಸಿದ್ದೆ. ಪ್ರತಿ ಸಂಜೆ ಸರಕಾರದ ಬುಲೆಟಿನ್ ಓದಿ, ಹಿಂದಿನ ದಿನದ್ದರೊಡನೆ ತಾಳೆ ನೋಡುವುದು ಅಭ್ಯಾಸವಾಗಿತ್ತು. ಒಂದು ಗುರುವಾರ ಮೃತರ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರಿನ ಮುಂದೆ ಹೀಗೊಂದು ಸಾಲಿತ್ತು: ಹೆಣ್ಣು, ಆರು ವರ್ಷ. ಶಂಕರಪುರದಿಂದ ನಮ್ಮ ಮನೆಗೆ ವರ್ಷಗಳಿಂದ ಮಲ್ಲಿಗೆ ಕೊಡುತ್ತಿದ್ದ ಕೊಂಕಣಿ ತಾಯಿಯ ಒಬ್ಬಳೇ ಮಗಳು. ತಂದೆ ಗಲ್ಫಿನಲ್ಲಿದ್ದರು, ವಿಮಾನವಿಲ್ಲದೆ, ಮಗಳನ್ನು ಮಣ್ಣು ಮಾಡುವುದನ್ನು ಫೋನಿನ ಪರದೆಯಲ್ಲಿ ನೋಡಿದ್ದರು.

ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಸಾಲನ್ನು ಯಾರೋ ಹಾಕಿದರು. ಮುಗಿದ ಕೈಗಳ ಚಿತ್ರಗಳು ಸಾಲಾಗಿ ಬಂದವು. ‘ದೇವರಿಗೆ ಕಣ್ಣಿಲ್ಲ’ ಎಂದರು ಕಾರ್ಕಳದ ಒಬ್ಬ ಮಾಸ್ತರರು. ಅಳುವ ಮುಖವನ್ನು ಕಳಿಸಿದವರೊಬ್ಬರು ಮರುನಿಮಿಷವೇ ಕಾಪುವಿನಲ್ಲಿ ಲಸಿಕೆ ಉಂಟೋ ಎಂದು ವಿಚಾರಿಸಿದರು. ಎಲ್ಲರೂ ‘ಇಂದು ತೀರಿಕೊಂಡ ಮಗು’ ಎಂದೇ ಬರೆಯುತ್ತಿದ್ದರು. ಬುಲೆಟಿನ್‌ನಲ್ಲಿ ಸೇರಿದ ದಿನ ಮರಣದ ದಿನವಲ್ಲ. ನನಗೆ ತಡೆಯಲಾಗಲಿಲ್ಲ. ವಿಚಾರಿಸಿ, ಖಚಿತಪಡಿಸಿಕೊಂಡು ಬರೆದೆ: ‘ಗುರುವಾರವಲ್ಲ, ಸೋಮವಾರ. ತಾಯಿಯ ವರದಿ ಬಂದದ್ದು ಶನಿವಾರ, ಮಗುವಿನದು ಭಾನುವಾರ. ದಯವಿಟ್ಟು ತಿದ್ದಿಕೊಳ್ಳಿ.’

ಅದರಲ್ಲಿ ಸಂತಾಪದ ಒಂದು ಶಬ್ದವೂ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದು ನನಗೆ ಹೊಳೆಯುವ ಮೊದಲೇ ಉತ್ತರ ಬಂತು: ‘ಹಾಗಾದರೆ ತಾಯಿಗೇ ಮೊದಲು!’

ಮರುದಿನ ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ, ಸುಣ್ಣದ ವೃತ್ತಗಳೊಳಗೆ ನಿಂತವರ ಮಾತು ಕಿವಿಗೆ ಬಿತ್ತು.

“ಆ ಹೂವಿನ ಬಾಯಮ್ಮ ಮಲ್ಲಿಗೆ ಹಿಡ್ಕೊಂಡು ಅಂಬಲಪಾಡಿಯ ಮದುವೆ ಮನೆಗೆ ಹೋಗಿದ್ರಂತೆ. ಬೇಕಿತ್ತಾ ಮಾರಾಯ?”

“ನಿನ್ನ ಮಾಸ್ಕ್ ಗಡ್ಡಕ್ಕೆ ಉಂಟಲ್ಲ, ಅದನ್ನು ಮೊದಲು ಮೇಲೆ ಮಾಡು. ಊರಿಗೆಲ್ಲ ಬುದ್ಧಿ ಹೇಳ್ತಾನೆ!”

“ನಾನು ಹೇಳಿದ್ದಲ್ಲ. ಸರ್ ತಾರೀಖು ಸಮೇತ ಹಾಕಿದ್ದಾರೆ, ನೋಡು. ಅವರು ಸುಮ್ಮನೆ ಬರೆಯುವವರಲ್ಲ.”

ನಾನು ಅಲ್ಲೇ ಇದ್ದೆ. ಮುಖಗವಸಿನಿಂದಾಗಿ ಯಾರೂ ಗುರುತಿಸಲಿಲ್ಲ. ಅಕ್ಕಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಪ್ರತ್ಯೇಕವಾಸ ಮುಗಿದ ಮೇಲೆ ಆ ತಾಯಿ ಒಂದು ಮಧ್ಯಾಹ್ನ ನಮ್ಮ ಗೇಟಿನ ಹೊರಗೆ ನಿಂತರು. ಕೈಯಲ್ಲಿ ಹೂವಿರಲಿಲ್ಲ, ಪ್ಲಾಸ್ಟಿಕ್ ಲಕೋಟೆಯಲ್ಲಿ ಆಸ್ಪತ್ರೆಯ ಕಾಗದಗಳಿದ್ದವು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ನಮ್ಮ ನಡುವೆ ಎಂದಿಗೂ ಕನ್ನಡವೇ.

“ನಮ್ಮವರೂ ಆ ಗ್ರೂಪಿನಲ್ಲಿದ್ದಾರೆ ಸರ್. ನೀವು ಬರೆದದ್ದು ಓದಿದ್ದಾರೆ. ‘ನಿನಗೆ ಮೊದಲು ಬಂದದ್ದಾ’ ಅಂತ ಗಲ್ಫಿನಿಂದ ಫೋನಿನಲ್ಲಿ ಕೇಳಿದರು. ಮತ್ತೆ ಮಾತಾಡಲಿಲ್ಲ. ನೀವೇ ನೋಡಿ ಬರೆದು ಕೊಡಿ. ನೀವು ಬರೆದರೆ ಅವರು ನಂಬುತ್ತಾರೆ.”

ಕಾಗದಗಳನ್ನು ಜಗಲಿಯಲ್ಲಿ ಹರಡಿಕೊಂಡು ನೋಡಿದೆ. ಇಬ್ಬರ ಗಂಟಲದ್ರವವನ್ನೂ ತೆಗೆದದ್ದು ಒಂದೇ ದಿನ, ಶುಕ್ರವಾರ. ವರದಿಗಳು ಮಾತ್ರ ಹಿಂದೆ ಮುಂದೆ ಬಂದಿದ್ದವು. ವರದಿಯ ದಿನವನ್ನು ರೋಗದ ದಿನವೆಂಬಂತೆ ಬರೆಯುವ ಈ ತಪ್ಪನ್ನು ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾನು ಎಷ್ಟು ಸಲ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇನೋ!

ಆದರೂ ನನ್ನೊಳಗಿನ ಪರಿಶೀಲಕ ಸುಮ್ಮನಾಗಲಿಲ್ಲ. “ಜ್ವರ ಯಾರಿಗೆ ಮೊದಲು?” ಎಂದು ಕೇಳಿಬಿಟ್ಟೆ.

“ಅವಳಿಗೆ ಬುಧವಾರ ಸಂಜೆ. ನನಗೆ ಜ್ವರ ಗುರುವಾರ.” ಆಮೇಲೆ ತಾವಾಗಿಯೇ ಹೇಳಿದರು. “ಮಂಗಳವಾರ ನನಗೆ ಕೈ, ಬೆನ್ನು ನೋಯುತ್ತಿತ್ತು. ಬೆಳಗಿನಿಂದ ಕೂತು ಬಾಳೆನಾರಿನಲ್ಲಿ ಹೂ ಕಟ್ಟುವವರಿಗೆ ಅದು ದಿನಾ ಇರುವುದಲ್ವಾ? ಅದನ್ನು ಎಂತ ಅಂತ ಲೆಕ್ಕ ಹಿಡಿಯುವುದು ಸರ್?”

ಒಂದು ಹಾಳೆಯಲ್ಲಿ ಬರೆದೆ: ಇಬ್ಬರ ಮಾದರಿಗಳನ್ನೂ ಸಂಗ್ರಹಿಸಿದ್ದು ಒಂದೇ ದಿನ, ಮಗುವಿಗೆ ಜ್ವರ ಬುಧವಾರ, ತಾಯಿಗೆ ಗುರುವಾರ, ಯಾರಿಂದ ಯಾರಿಗೆ ಎಂಬುದನ್ನು ಈ ದಾಖಲೆಗಳಿಂದ ನಿರ್ಣಯಿಸಲಾಗದು, ಹಿಂದೆ ನಾನು ಬರೆದ ಕ್ರಮ ತಪ್ಪು. ಸಹಿ ಹಾಕಿದೆ. ಮಂಗಳವಾರವನ್ನು ಬರೆಯಲಿಲ್ಲ. ತಿಳಿದಿದ್ದೂ ನಾನು ಬಿಟ್ಟ ದಿನ ಅದೊಂದೇ.

ಆಕೆ ಬೆರಳಿಟ್ಟು ನಿಧಾನವಾಗಿ ಓದಿದರು. ಬುಧವಾರದ ಮೇಲೆ ಬೆರಳು ನಿಂತಿತು. ನನ್ನನ್ನೊಮ್ಮೆ ನೋಡಿ, ಹಾಳೆಯನ್ನು ಮಡಚಿ ಲಕೋಟೆಗೆ ಸೇರಿಸಿದರು.

ಅದನ್ನೇ ಗುಂಪಿನಲ್ಲೂ ಹಾಕಿದೆ. ಒಬ್ಬರೂ ಪ್ರತಿಕ್ರಿಯಿಸಲಿಲ್ಲ. ಅಷ್ಟರಲ್ಲಿ ಅಲ್ಲಿ ಚಂಡಮಾರುತದ ಮಾತು ನಡೆಯುತ್ತಿತ್ತು.

ಇತ್ತೀಚೆಗೆ ಆ ತಾಯಿಯ ಮನೆಗೆ ಹೋಗಿ, ಇದನ್ನು ಬರೆಯಲು ಅನುಮತಿ ಕೇಳಿದೆ. ಮಂಗಳವಾರದ ಮಾತೂ ಬರುತ್ತದೆ ಎಂದೆ.

“ಅದನ್ನು ಆ ದಿನವೇ ನಮ್ಮವರಿಗೆ ಹೇಳಿದೆ ಸರ್. ನಿಮ್ಮ ಕಾಗದದ ಫೋಟೋ ಕಳಿಸಿ, ಫೋನು ಮಾಡಿ ನಾನೇ ಹೇಳಿದೆ. ಬಚ್ಚಿಟ್ಟುಕೊಂಡು ಅವರ ಜತೆ ಅಳಲಿಕ್ಕೆ ಆಗುತ್ತದಾ?”

ಗಂಡ ಏನೆಂದರು ಎಂದು ನಾನು ಕೇಳಲಿಲ್ಲ. ಅಂಗಳದಲ್ಲಿ ಮೊಗ್ಗು ಆರಿಸುತ್ತಿದ್ದ ಆಕೆ ತಲೆ ಎತ್ತದೆ ಮುಂದುವರಿಸಿದರು.

“ಬುಧವಾರದ್ದು ಸರಿಯಾಗಿ ಬರೆಯಿರಿ. ಜ್ವರ ಬಂದದ್ದು ಸಂಜೆ. ಬೆಳಿಗ್ಗೆ ನನ್ನ ಹತ್ತಿರವೇ ಕೂತು ಮೊಗ್ಗು ಜೋಡಿಸಿ ಕೊಟ್ಟಿದ್ದಳು. ಚೆನ್ನಾಗಿಯೇ ಇದ್ದಳು.”