ಮೂರನೇ ಸಾಲೋ, ನಾಲ್ಕನೆಯದೋ

ಮಗು ಕಳೆದುಕೊಂಡ ತಾಯಿಯ ಪಕ್ಕ ಕೂರಲು, ಆ ಮಗುವನ್ನು ಮಡಿಲಿಗೆ ಕೊಟ್ಟು ಅಳಲು ಬಿಡಲು ಈಗ ದೊಡ್ಡ ಆಸ್ಪತ್ರೆಗಳಲ್ಲಿ ಜನ ಇರುತ್ತಾರಂತೆ. ಕೇಳಿದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಚೊಚ್ಚಲ ಮಗಳು ಉಸಿರಿಲ್ಲದೆ ಹುಟ್ಟಿದಾಗ ಪಕ್ಕದಲ್ಲಿದ್ದದ್ದು ಅತ್ತೆ ಒಬ್ಬರೇ. ಅವರು ನನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹಿಡಿದುಕೊಂಡಿದ್ದರು.

"ನೋಡ್ಬೇಡ ಕಣವ್ವ. ಮುಖ ನೋಡಿದ್ರೆ ಮುಂದಿನದೂ ನಿಲ್ಲಾಕಿಲ್ಲ."

"ಅಳಬೇಡಿ, ವಯಸ್ಸೈತೆ, ಇನ್ನೊಂದಾಯ್ತದೆ" ಎಂದಳು ನರ್ಸ್. ಆಸ್ಪತ್ರೆಯಿಂದ ನನಗೆ ಸಿಕ್ಕ ಸಮಾಧಾನ ಅಷ್ಟೇ. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಗಂಡ ಮತ್ತು ಮೈದುನ ಜೀಪಿನಲ್ಲಿ ಹೆತ್ತೂರಿನ ಕಡೆಯ ನಮ್ಮ ತೋಟಕ್ಕೆ ಹೊರಟರು.

ನನ್ನನ್ನು ಹೆರಿಗೆ ವಾರ್ಡಿನಲ್ಲೇ ಮಲಗಿಸಿದ್ದರು. ಯಾರ ಮಗು ಅತ್ತರೂ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹಾಲು ಇಂಗಲಿ ಎಂದು ಅತ್ತೆ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಅದನ್ನು ಕಂಡಿದ್ದೇ ಪಕ್ಕದ ಮಂಚದ ಅಜ್ಜಿ ಮೊಮ್ಮಗನ ಮೇಲೆ ಸೆರಗು ಹೊದಿಸಿ, "ಸಿಸ್ಟರ್, ಈಯಮ್ಮನ್ನ ಆಚೆಗೆ ಹಾಕ್ರಿ, ಕೂಸಿಗೆ ದೃಷ್ಟಿ ಆಯ್ತದೆ" ಎಂದಳು. ಹಾಕಿದರು. ಎರಡು ದಿನ ಕಾರಿಡಾರಿನಲ್ಲಿ ಬಿದ್ದಿದ್ದೆ. ಅವಳ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದ್ದೆ. ಆ ಶಾಪವನ್ನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ.

ಮನೆಗೆ ಬಂದ ಮೇಲೂ ತಿಂಗಳು ಕಳೆಯುವ ತನಕ ಹೊಸಿಲು ದಾಟಲು ಬಿಡಲಿಲ್ಲ. ದಾಟಿದ ದಿನ ಗಂಡನನ್ನು ಕೇಳಿದ್ದು ಒಂದೇ ಮಾತು. "ಎಲ್ಲಿ ಮಣ್ಣು ಮಾಡಿದ್ರಿ? ತೋರಿಸ್ರೀ." ಮುಖವಂತೂ ನೋಡಲಿಲ್ಲ, ಜಾಗವನ್ನಾದರೂ ನೋಡಬೇಕಿತ್ತು.

ಅವರು ಹೊಸ ತೋಟದ ಇಳಿಜಾರಿಗೆ ಕರೆದೊಯ್ದರು. ಮೈದುನನೂ ಜೊತೆಗೆ ಬಂದ. ಕಾಫಿ ಸಸಿ ನೆಡಲೆಂದು ಬೇಸಿಗೆಯಲ್ಲೇ ಅಲ್ಲಿ ಸಾಲಾಗಿ ಗುಂಡಿ ತೆಗೆಸಿದ್ದರು. ಮಳೆ ಬೇರೆ ಹಿಡಿದಿತ್ತು, ಹೊಸದಾಗಿ ಯಾಕೆ ಅಗೆಯುವುದು ಎಂದು ಅಣ್ಣತಮ್ಮ ಅದರಲ್ಲೊಂದನ್ನೇ ಇನ್ನಷ್ಟು ಆಳ ಮಾಡಿ, ಮಗುವನ್ನು ಇಟ್ಟು ಮುಚ್ಚಿದ್ದರು. ಗೊತ್ತಾದರೆ ಆಳುಗಳು ಆ ಕಡೆ ಸುಳಿಯುವುದಿಲ್ಲವೆಂದು ಗುರುತಿಗೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ಮರುವಾರ ಆಳುಗಳು ಅಷ್ಟೂ ಗುಂಡಿಗೆ ಸಸಿ ನೆಟ್ಟು ಮುಗಿಸಿದ್ದರು.

"ಮೂರನೇ ಸಾಲು ಕಣೆ" ಎಂದರು ಗಂಡ.

"ಅಲ್ಲ ಕಣಣ್ಣ, ನಾಲ್ಕನೇದು" ಎಂದ ಮೈದುನ.

ಎಲ್ಲೋ ಮರೆತು ಬಂದ ಕತ್ತಿಯನ್ನು ಹುಡುಕುವವರ ಹಾಗೆ ಇಬ್ಬರೂ ನನ್ನೆದುರೇ ವಾದಕ್ಕೆ ನಿಂತರು. ನನಗೆ ಇಬ್ಬರ ಕೆನ್ನೆಗೂ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಎರಡೂ ಸಾಲಿನ ಒಂದೊಂದೇ ಸಸಿಯನ್ನು ಮುಟ್ಟಿಕೊಂಡು ಬಂದೆ. ಆಮೇಲೂ ವರ್ಷಗಟ್ಟಲೆ ಹಾಗೆಯೇ ಮುಟ್ಟುತ್ತಿದ್ದೆ. ತಲೆ ಕೆಟ್ಟಿದೆ ಎಂದು ಅತ್ತೆ ತಾಯತ ಕಟ್ಟಿಸಿದರು.

ನಾಲ್ಕನೇ ವರ್ಷ ಆ ಗಿಡಗಳು ಚೆನ್ನಾಗಿ ಫಸಲು ಹಿಡಿದವು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನೋಡಲು ಬಂದಿದ್ದರು. ನಾನೂ ಅಲ್ಲೇ ಹಣ್ಣು ಕೊಯ್ಯುತ್ತಿದ್ದೆ. ನಾಲ್ಕನೇ ಸಾಲಿನ ಒಂದೇ ಒಂದು ಗಿಡ ಮಿಕ್ಕವನ್ನೆಲ್ಲ ಮೀರಿ ಬೆಳೆದು, ರೆಕ್ಕೆಯಂತೆ ಚಾಚಿದ ಅಡ್ಡಕೊಂಬೆಗಳು ನೆಲಕ್ಕೆ ಬಾಗುವಷ್ಟು ಹಣ್ಣು ಹೊತ್ತು ನಿಂತಿತ್ತು.

"ಇದೊಂದಕ್ಕೆ ಏನ್ ಹಾಕಿದ್ರಿ ಮಾರಾಯ್ರೆ?" ಎಂದರು ರೈಟರ್.

ಗಂಡ ಕೊಂಬೆಯೊಂದನ್ನು ಎತ್ತಿ ತೋರಿಸುತ್ತಾ ನಕ್ಕರು. "ಎಲ್ಲಕ್ಕೂ ಹಾಕಿದ್ದೇ ಕಣ್ರೀ. ಇದರ ಗುಂಡಿಗೆ ಗೊಬ್ಬರ ಚೆನ್ನಾಗಿ ಬಿದ್ದೈತೆ."

ಅವರಿಗೆ ಮರೆತೇಹೋಗಿತ್ತು. ನನ್ನ ಮಗಳು ಎಲ್ಲಿದ್ದಾಳೆಂದು ನನಗೆ ಗೊತ್ತಾದದ್ದು ಹಾಗೆ.