ಹುಣಸೆಹಣ್ಣಿನಲ್ಲಿ ತೊಳೆದ ಚಾರ್ಮಿನಾರ್ ರೂಪಾಯಿ

ನಾನು ಅಜ್ಜಿಯಾಗಿದ್ದೇನೆ! ನನ್ನ ಮಗಳಿಗೆ ಹೆಣ್ಣುಕೂಸು ಹುಟ್ಟಿದೆ. ತಲೆ ತುಂಬ ಕೂದಲು. ಮುಷ್ಟಿ ಬಿಗಿ ಹಿಡಿದು ಮಲಗಿದರೆ ಯಾರ ಮೇಲೋ ಸಿಟ್ಟು ಮಾಡಿಕೊಂಡಂತೆ ಕಾಣುತ್ತದೆ. ಹಾಲಿನವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ನನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಹಿಮಾಯತ್‌ನಗರದ ಮಿಠಾಯಿ ಅಂಗಡಿಯವನಂತೂ ಪೇಢೆ ತೂಗುತ್ತ, ನಿನ್ನೆಯೂ ಇದನ್ನೇ ಹೇಳಿದಿರಲ್ಲಮ್ಮಾ ಎಂದು ನಕ್ಕ. ನಗಲಿ ಬಿಡಿ. ಇನ್ನೊಮ್ಮೆ ಹೇಳಿ ಬಂದೆ.

ಇಷ್ಟು ಸಂತೋಷದ ನಡುವೆ ನಾಚಿಕೆಪಡುವ ಕೆಲಸವೊಂದನ್ನೂ ಮಾಡಿಕೊಂಡೆ. ಅದನ್ನು ಬಿಟ್ಟು ಬರೆದರೆ ತೊಟ್ಟಿಲ ದಿನದ ಕಥೆ ಅರ್ಧವಾಗುತ್ತದೆ. ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಾವು ಕಲಬುರ್ಗಿ ಕಡೆಯವರು. ನಮ್ಮ ಮನೆತನದಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ತಲೆಯ ಕೆಳಗಿನ ಬಟ್ಟೆಯಡಿ ನಿಜಾಮರ ಕಾಲದ ಬೆಳ್ಳಿ ರೂಪಾಯಿ ಇಡುತ್ತಾರೆ. ಅದರ ಮೇಲೆ ಚಾರ್ಮಿನಾರ್ ಛಾಪು ಇರಬೇಕು. ಅದನ್ನು ಕೊಡಬೇಕಾದವರು ಬಾಣಂತಿಯ ತವರಿನವರು. ಆ ರೂಪಾಯಿ ಆಮೇಲೆ ಆ ಕೂಸಿನದೇ. ಒಬ್ಬರದನ್ನು ಇನ್ನೊಬ್ಬರಿಗೆ ಇಡುವುದಿಲ್ಲ. ನನ್ನ ತಾಯಿಯ ಪೆಟ್ಟಿಗೆಯಲ್ಲಿದ್ದ ಕಡೆಯ ರೂಪಾಯಿ ನನ್ನ ಮಗಳಿಗಾಯಿತು. ಈಗ ಅವಳ ಮಗಳಿಗೆ ಎಲ್ಲಿಂದ ತರುವುದು?

ಮಗಳು ಬಾಣಂತಿ ಕೋಣೆಯಲ್ಲಿ, ಅಜವಾನದ ಹೊಗೆಯ ನಡುವೆ, ಕಿವಿಗೆ ಅರಿವೆ ಸುತ್ತಿಕೊಂಡು ಮಲಗಿದಲ್ಲೇ ಮೊಬೈಲಿನಲ್ಲಿ ಹುಡುಕತೊಡಗಿದಳು. ಕಣ್ಣು ಹಾಳಾಗುತ್ತವೆ ಎಂದು ನಾನು ಬೈಯುತ್ತಿದ್ದೆ, ಬೈಯುತ್ತಲೇ ಪಕ್ಕದಲ್ಲಿ ಕುಳಿತು ಇಣುಕುತ್ತಿದ್ದೆ.

“ಅವ್ವಾ, ಎರಡು ಸಿಕ್ಕಾವ ನೋಡು. ಎರಡೂ ಗ್ರೇಡ್ ಆಗಿಲ್ಲ.”

“ಗ್ರೇಡ್ ಅಂದ್ರ? ರೂಪಾಯಿನೂ ಸಾಲಿಗೆ ಹೋಗತಾವೇನ?”

“ಹಂಗಲ್ಲವ್ವಾ. ತಿಳಿದವರು ಪರೀಕ್ಷಾ ಮಾಡಿ, ಅಸಲಿ ಐತಿ, ಇಂಥಾ ಸ್ಥಿತಿಯೊಳಗ ಐತಿ ಅಂತ ಬರದು, ಪ್ಲಾಸ್ಟಿಕ್ ಡಬ್ಬಿಯೊಳಗ ಮುಚ್ಚಿ ಕೊಡತಾರ. ಇವಕ್ಕ ಅದು ಆಗಿಲ್ಲ. ನಾವಾ ನೋಡಿ ತಿಳಕೋಬೇಕು.”

ಒಂದು ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಮಸಿಯಂತೆ ಕಪ್ಪು. ನಾನು ಹೊಳೆಯುವುದರ ಮೇಲೆ ಬೆರಳಿಟ್ಟೆ.

“ಅದು ಬ್ಯಾಡ. ಅಷ್ಟು ಹಳೇದು ಇಷ್ಟು ಹೊಳಿತೈತಿ ಅಂದ್ರ ಒಂದೋ ನಕಲಿ, ಇಲ್ಲಾ ಯಾರೋ ತಿಕ್ಯಾರ.”

ಆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಕಪ್ಪು ರೂಪಾಯಿ ಅಮೀರ್‌ಪೇಟ್‌ನ ಒಬ್ಬ ತೆಲುಗು ಹೆಣ್ಣುಮಗಳದು. ತೀರಿಕೊಂಡ ಮಾವ ಕೂಡಿಟ್ಟಿದ್ದನ್ನು ಒಂದೊಂದಾಗಿ ಮಾರುತ್ತಿದ್ದಳು. ಮಗಳು ಅವಳನ್ನು ಬಿಡಲಿಲ್ಲ. ಬಿಸಿಲಿನಲ್ಲಿ ಫೋಟೋ ತೆಗೆದು ಕಳಿಸಿ ಎಂದಳು, ಅಂಚಿನದೂ ಬೇಕು ಎಂದಳು, ತಕ್ಕಡಿಯ ಮೇಲಿಟ್ಟು ತೂಕ ತೋರಿಸಿ ಎಂದಳು. ಕೊನೆಗೆ ಆಕೆಯೇ, ಕಳಿಸುತ್ತೇನೆ, ಕೈಯಲ್ಲಿ ಹಿಡಿದು ನೋಡಿ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಇದ್ದ ಹಾಗೇ ವಾಪಸ್ ಕೊಡಿ ಎಂದಳು. ಇದ್ದ ಹಾಗೇ ಕೊಡುತ್ತೇನೆ ಅಕ್ಕಾ ಎಂದು ನನ್ನ ಮಗಳು ಮಾತು ಕೊಟ್ಟಳು.

ತೊಟ್ಟಿಲ ಹಿಂದಿನ ದಿನ ಸಂಜೆ ರೂಪಾಯಿ ಬಂತು. ಬೆಳಿಗ್ಗೆ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ, ಮಧ್ಯಾಹ್ನದೊಳಗೆ ಬೇಕೋ ಬೇಡವೋ ಹೇಳುತ್ತೇನೆ ಎಂದು ಮಗಳು ಅದನ್ನು ದಿಂಬಿನ ಬಳಿ ಇಟ್ಟುಕೊಂಡಳು. ಅದೇ ಸಂಜೆ ನಮ್ಮ ಬೀಗತಿ, ಮಗಳ ಅತ್ತೆ, ರಾಯಚೂರಿನಿಂದ ಬಂದಿಳಿದರು. ರೂಪಾಯಿ ನೋಡಿ ಮೂಗಿನ ಮೇಲೆ ಬೆರಳಿಟ್ಟರು.

“ಇದೇನ್ರಿ ಬೀಗತೇರ, ರೂಪಾಯಿಯೋ ಹಂಚಿನ ಚೂರೋ? ನನ್ನ ಮೊಮ್ಮಗಳ ತಲಿಕೆಳಗ ಇಡೋದು ಇದನ್ನಾ?”

“ಬೆಳ್ಳಿ ಐತ್ರಿ. ಕಪ್ಪಾಗೈತಿ ಅಷ್ಟಾ.”

“ಬೆಳ್ಳಿ ಅಂತ ಯಾರು ಹೇಳಿದ್ರು? ಮೊಬೈಲ್ ಹೇಳ್ತೇನು?”

ಆ ಮಾತು ನನಗೆ ಚುಚ್ಚಿತು. ಹಿಂದೆ ಮಗಳ ತೊಟ್ಟಿಲಲ್ಲಿ ಇಟ್ಟಿದ್ದ ಅವಳ ರೂಪಾಯಿಯನ್ನು ತೆಗೆದು ನೋಡಿದೆ. ಪ್ರತಿ ದೀಪಾವಳಿಗೆ ಲಕ್ಷ್ಮೀ ಪೂಜೆಗೆಂದು ನಾನೇ ತೊಳೆದು ತೊಳೆದು ಅದು ಬೆಳ್ಳಗೆ ಹೊಳೆಯುತ್ತಿತ್ತು. ಬೆಳ್ಳಿ ಎಂದರೆ ನನಗೆ ಗೊತ್ತಿದ್ದದ್ದು ಅದೇ. ಬರಿಯ ಬೆಳ್ಳಿ ನೀರು ಹಾಕಿದ್ದಾದರೆ ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಒಳಗಿನ ತಾಮ್ರ ಕೆಂಪಗೆ ಕಾಣುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ಇಷ್ಟು ಸುಲಭದ ಪರೀಕ್ಷೆಗೆ ಭೂತಗನ್ನಡಿ ಯಾಕೆ ಎನ್ನಿಸಿತು.

ಬೆಳಿಗ್ಗೆ ಮಗಳಿಗೆ ಇನ್ನೂ ನಿದ್ದೆ. ರೂಪಾಯಿ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಈ ಫ್ಲ್ಯಾಟಿನಲ್ಲಿ ಒಲೆಯ ಬೂದಿ ಎಲ್ಲಿಂದ ಬರಬೇಕು? ದೇವರ ಮುಂದಿನ ವಿಭೂತಿಯನ್ನೇ ತಂದು ಉಜ್ಜಿದೆ. ಕೆಂಪು ಕಾಣಲಿಲ್ಲ. ಕಪ್ಪು ಕರಗಿ ನೀರಿನೊಂದಿಗೆ ಹೋಯಿತು. ಒಂದೊಂದಾಗಿ ಮಿನಾರುಗಳು ಎದ್ದು ಬಂದವು. ನನಗೆ ಕಣ್ಣಲ್ಲಿ ನೀರು ಬಂತು. ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಬೀಗತಿಯವರನ್ನೂ ಕರೆದುಕೊಂಡು ಬಾಣಂತಿ ಕೋಣೆಗೆ ಹೋದೆ.

“ಏಳವ್ವಾ, ನೋಡು! ಅಸಲಿ ಐತಿ!”

ಮಗಳು ಎದ್ದು ಕುಳಿತಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

“ಅವ್ವಾ, ತಿಕ್ಕಿದೇನ ಇದನ್ನ?”

“ಹ್ಞೂಂ, ಹುಣಸಿಹಣ್ಣು ಹಚ್ಚಿ.”

“ಇದು ಇನ್ನೂ ನಮ್ಮದಾಗಿದ್ದಿಲ್ಲವ್ವಾ.”

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಮೊಬೈಲಿನ ಬೆಳಕು ಬಿಟ್ಟು ತೋರಿಸಿದಳು. ರೂಪಾಯಿಯ ಮೈತುಂಬ ಸಣ್ಣ ಸಣ್ಣ ಗೀರು, ನನ್ನ ಸ್ಟೀಲ್ ಪಾತ್ರೆಗಳ ಮೇಲೆ ಇರುವಂಥವೇ. ವರ್ಷಗಟ್ಟಲೆ ತಾನಾಗಿ ಕೂತ ಆ ಕಪ್ಪನ್ನೇ ತಿಳಿದವರು ಮೊದಲು ನೋಡುತ್ತಾರಂತೆ. ಗ್ರೇಡ್ ಆಗದ ನಾಣ್ಯಕ್ಕೆ ಅದೇ ಸಾಕ್ಷಿಯಂತೆ.

“ಇನ್ನ ಗ್ರೇಡಿಗೆ ಕಳಿಸಿದ್ರೂ ತಿಕ್ಕಿದ್ದು ಅಂತ ಬರದು ಕೊಡತಾರ. ಯಾರು ತಿಕ್ಕಿದ್ರು ಅಂತ ಬರಿಯಂಗಿಲ್ಲ, ಅಷ್ಟಾ ಪುಣ್ಯೆ.”

ಬೀಗತಿಯವರು ಕೂಸಿಗೆಂದು ಕಾಡಿಗೆ ಮಾಡಿ ತಂದಿದ್ದರು. ಡಬ್ಬಿ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. “ಅಯ್ಯ, ಇಷ್ಟಕ್ಕ ಯಾಕ್ರಿ ಮಾರಿ ಸಪ್ಪಗ ಮಾಡತೀರಿ? ತುಸು ಕಾಡಿಗಿ ಸವರಿ ವಾಪಸ್ ಕಳಿಸಿಬಿಡ್ರಿ. ಆಕಿಗೇನ ಗೊತ್ತಾಗತೈತಿ?”

ಬರೆಯಲು ನಾಚಿಕೆಯಾಗುತ್ತದೆ, ನಾನು ಬೆರಳು ಅದ್ದಿಯೇಬಿಟ್ಟೆ. ತಲೆ ಎತ್ತಿದರೆ ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಇದ್ದ ಹಾಗೇ ಕೊಡುತ್ತೇನೆ ಎಂದವಳು ಅವಳು. ಬೆರಳಿನ ಕಾಡಿಗೆಯನ್ನು ಕೂಸಿನ ಅಂಗಾಲಿಗೆ ದೃಷ್ಟಿಬೊಟ್ಟಾಗಿ ಇಟ್ಟು, ಮಗಳ ಕೈಯಿಂದ ಮೊಬೈಲ್ ಇಸಿದುಕೊಂಡೆ. “ಆಕಿಗೆ ಫೋನ್ ಹಚ್ಚಿ ಕೊಡು. ನಾನಾ ಮಾತಾಡತೀನಿ.”

ನನ್ನ ತೆಲುಗು ಕಾಯಿಪಲ್ಲೆ ಕೊಳ್ಳುವಷ್ಟು. ತಪ್ಪಾಯಿತು ಎನ್ನುವುದಕ್ಕೆ ತಡವರಿಸಿದೆ. ಮೊಮ್ಮಗಳು, ತೊಟ್ಟಿಲು, ಹುಣಸೆಹಣ್ಣು, ಎಲ್ಲ ಸೇರಿಸಿ ಹೇಳಿದೆ.

“ಏಂ ಚೇಸಾರಮ್ಮಾ!” ಎಂದಳು ಆಕೆ. ಏನು ಮಾಡಿದಿರಿ ಎಂಬ ಆ ಮಾತು ಇನ್ನೂ ಕಿವಿಯಲ್ಲಿದೆ. ನಮ್ಮ ಮಾವ ನನ್ನ ಗಂಡನಿಗೂ ಮುಟ್ಟಗೊಡುತ್ತಿರಲಿಲ್ಲ, ತಾವು ಹಿಡಿದರೂ ಅಂಚನ್ನಷ್ಟೇ ಹಿಡಿಯುತ್ತಿದ್ದರು ಎಂದಳು. ಇನ್ನು ಫೋನ್ ಇಟ್ಟುಬಿಡುತ್ತಾಳೆ ಅಂದುಕೊಂಡೆ.

ಇಡಲಿಲ್ಲ. ಕೂಸಿಗೆ ಇಡುವುದಕ್ಕೋ, ಹೊಳಪು ಮಾಡಿ ಮಾರುವುದಕ್ಕೋ ಎಂದು ಕೇಳಿದಳು. ಕೂಸಿನದೇ ಆಗಿ ಇರುತ್ತದೆ, ಮಾರುವ ಪದ್ಧತಿಯೇ ನಮ್ಮಲ್ಲಿಲ್ಲ ಎಂದೆ. ಹಾಗಾದರೆ ವಾಪಸ್ ಕಳಿಸಬೇಡಿ, ಹೇಳಿದ ಬೆಲೆ ಕೊಟ್ಟು ಇಟ್ಟುಕೊಳ್ಳಿ ಎಂದಳು. ಪರವಾಗಿಲ್ಲ ಎಂದೇನೂ ಅನ್ನಲಿಲ್ಲ. ಫೋನ್ ಇಡುವ ಮೊದಲು ಮಾತ್ರ ಹೇಳಿದಳು, ಇನ್ನು ಲಕ್ಷ್ಮೀ ಪೂಜೆಗೂ ಇದನ್ನು ತಿಕ್ಕಬೇಡಿ. ಅವರ ಮನೆಯಲ್ಲೂ ನನ್ನಂಥವರು ಯಾರೋ ಇದ್ದಿರಬೇಕು. ಹೇಳಿದ್ದಷ್ಟನ್ನೂ, ಚೌಕಾಸಿ ಮಾಡದೆ, ಆಗಲೇ ಕಳಿಸಿಕೊಟ್ಟೆವು.

ಸಂಜೆ ತೊಟ್ಟಿಲಿಗೆ ಹೂವು ಕಟ್ಟಿ, ಬಟ್ಟೆಯಡಿ ರೂಪಾಯಿ ಇಡಲು ಬಗ್ಗಿದೆ. “ಅಂಚು ಹಿಡೀರಿ ಬೀಗತೇರ, ಅಂಚು!” ಎಂದು ಬೀಗತಿಯವರು ಎಲ್ಲರ ಮುಂದೆ ಕೂಗಿದರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿದ್ದವು. ಕೂಸು ರೂಪಾಯಿಯ ಮೇಲೆ ತಲೆಯಿಟ್ಟು ಆಕಳಿಸಿತು.

ಆಮೇಲೆ ಸೋಫಾ ಸರಿಸಿ, ಹಾಲ್‌ನಲ್ಲಿ ಎಲೆ ಹಾಕಿ ಎಲ್ಲರೂ ಊಟಕ್ಕೆ ಕುಳಿತೆವು. ಹೋಳಿಗೆ, ಬದನೆಕಾಯಿ, ಕಟ್ಟಿನ ಸಾರು. ಮಗಳು ತನ್ನ ಪಥ್ಯದ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕುಳಿತಳು. ಬೆಳಗಿನಿಂದ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದ್ದಳು. ನಮ್ಮ ಯಜಮಾನರು ದಿನವಿಡೀ ಹೂವು, ಎಲೆ ಎಂದು ಹೊರಗೇ ಓಡಾಡಿದವರು, ಅವರಿಗೆ ಏನೂ ತಿಳಿದಿರಲಿಲ್ಲ. ಸಾರನ್ನು ಸುರ್ರನೆ ಹೀರಿ ಮುಖ ಕಿವುಚಿದರು.

“ಯಾಕ, ಸಾರಿಗೆ ಹುಣಸಿಹಣ್ಣಾ ಬಿದ್ದಿಲ್ಲಲ್ಲ? ಮನ್ಯಾಗ ಇದ್ದಿಲ್ಲೇನ?”

ಬೀಗತಿಯವರು ಸೆರಗು ಬಾಯಿಗೆ ಒತ್ತಿಕೊಂಡರು. ಮಗಳು ತಟ್ಟೆಯ ಮೇಲೆ ಬಗ್ಗಿದಳು, ಅವಳ ಭುಜ ಅಲುಗುತ್ತಿದ್ದವು. ಹಾಗೇ ನಗುತ್ತ ಕೈ ಚಾಚಿ ನನ್ನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ.